ಮಳೆಗಾಲದ ಬಿಸಿಲು

"ಇದನ್ನ ಸೋಲಾರ್ ಪ್ಲೇಟಿನ ಮೇಲೆ ಕಟ್ಟಿದ್ದು ಯಾರು?"

ಸತ್ತ ಹೆಗ್ಗಣವನ್ನು ಬಾಲ ಹಿಡಿದು ತೋರಿಸುವವರ ಹಾಗೆ ಮೋಹನ ಆ ತೆಂಗಿನ ಗರಿಯ ತಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ. ತಟ್ಟಿಯಿಂದ ನೀರು ತೊಟ್ಟಿಕ್ಕಿ ಅವನ ಇಸ್ತ್ರಿ ಪ್ಯಾಂಟಿನ ಮೇಲೆ ಬೀಳುತ್ತಿತ್ತು. ಹೂ ಕಟ್ಟುವ ಮಾಡಿನ ಕೆಳಗೆ ನಿಂತ ಹೆಂಗಸರೆಲ್ಲರ ಕಣ್ಣೂ ಗಂಗಿಯ ಕಡೆ ತಿರುಗಿದ್ದವು.

"ನಾನೇ" ಎಂದಳು ಗಂಗಿ. "ನಾನೇ ಕಟ್ಟಿದ್ದು. ಎಂತ ಈಗ?"

ಮೋಹನ ನಕ್ಕ. ಹೊನ್ನಾವರದ ಪೇಟೆಯಲ್ಲಿ ಸೋಲಾರ್ ಅಂಗಡಿ ಇಟ್ಟವನು. ಗಿರಾಕಿಗಳ ಸಿಟ್ಟನ್ನು ಕಂಡು ಪಳಗಿದ ನಗೆ ಅದು. "ಎಂತ ಇಲ್ಲ ಗಂಗಕ್ಕ. ಕೋಳಿ ಮೇಲೆ ಬುಟ್ಟಿ ಕವುಚಿ, ಕೋಳಿ ಯಾಕೆ ಮೇಯೂದಿಲ್ಲ ಅಂತ ಕೇಳಿದ್ರೆ ಹೆಂಗೆ? ಅಷ್ಟೇ ನಾ ಕೇಳೂದು."

ಹಿಂದೆ ಯಾರೋ ಕಿಸಕ್ಕೆಂದರು. ಯಾರೆಂದು ತಿರುಗಿ ನೋಡುವ ಗೋಜಿಗೆ ಗಂಗಿ ಹೋಗಲಿಲ್ಲ. ಹದಿನೈದು ದಿನಗಳಿಂದ ಈ ನಗೆ ಅವಳ ಬೆನ್ನ ಹಿಂದೆಯೇ ಓಡಾಡುತ್ತಿತ್ತು. "ಗಂಗಕ್ಕ, ಒಲೆಗೂ ಒಂದು ತಟ್ಟಿ ಕಟ್ಟೆ, ಮಳೆ ಬಂದೀತು" ಎಂದು ಬಾವಿಕಟ್ಟೆಯಲ್ಲಿ ಕೇಳಿದವರು ನಿನ್ನೆ ಮೊನ್ನೆಯವರೆಗೆ ಅವಳ ಪಕ್ಕದಲ್ಲೇ ಕೂತು ಹೂ ಕಟ್ಟಿದವರು.

ಕಡಮಕ್ಕಿ ಶಿರಾಲಿಯ ಹೆದ್ದಾರಿಯಿಂದ ಮೂಡಣಕ್ಕೆ, ಗುಡ್ಡದ ಬುಡದಲ್ಲಿರುವ ಕೇರಿ. ಅತಿಕ್ರಮಣದ ಜಾಗವಾದ್ದರಿಂದ ಕರೆಂಟಿನ ಕಂಬ ಅಲ್ಲಿಯವರೆಗೆ ಬಂದಿರಲಿಲ್ಲ. "ಗೇರುಸೊಪ್ಪದಲ್ಲಿ ಹುಟ್ಟಿದ ಕರೆಂಟು ದೇಶವೆಲ್ಲ ಸುತ್ತಿತು, ನಮ್ಮಲ್ಲಿಗೆ ಬರೂಕೆ ಮಾತ್ರ ದಾರಿ ಗೊತ್ತಾಗ್ಲಿಲ್ಲ" ಎಂದು ಕೇರಿಯ ಮಾಸ್ತಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಗದ್ದೆ ಎಂಬುದು ಹೆಸರಿಗೆ. ಕೇರಿಯ ಹೊಟ್ಟೆ ಹೊರೆಯುವುದು ಮಲ್ಲಿಗೆ. ಮೊಗ್ಗನ್ನು ಬೆಳಕು ಹರಿಯುವ ಮುಂಚೆ ಕೊಯ್ಯಬೇಕು, ಅರಳುವ ಮುಂಚೆ ಬಾಳೆನಾರಿನಲ್ಲಿ ಕಟ್ಟಬೇಕು, ಕಟ್ಟಿದ್ದನ್ನು ಮೊದಲ ಬಸ್ಸಿಗೆ ಭಟ್ಕಳಕ್ಕೆ ಮುಟ್ಟಿಸಬೇಕು. ಅಲ್ಲಿ ನವಾಯತ ಮುಸ್ಲಿಮರ ಮನೆಗಳ ಮದುವೆಗೆ ಎಷ್ಟು ಮಾಲೆಯಿದ್ದರೂ ಸಾಲದು. ಶ್ರಾವಣ ಹುಟ್ಟಿತೆಂದರೆ ದೇವರಿಗೂ ಬೇಕು, ಮುತ್ತೈದೆಯರಿಗೂ ಬೇಕು. ವರ್ಷದ ಗಳಿಕೆಯ ದೊಡ್ಡ ಪಾಲು ಆ ಒಂದು ತಿಂಗಳದು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹೆಂಗಸರ ಸಂಘದವರು ಬ್ಯಾಂಕಿನ ಸಾಲ ಸೇರಿಸಿ ಮಾಡಿಗೆ ಸೋಲಾರ್ ಹಾಕಿಸಿದ್ದರು. ಒಂದು ಪ್ಲೇಟು, ಒಂದು ಬ್ಯಾಟರಿ, ನಾಲ್ಕು ದೀಪ. ಚಿಮಣಿ ಬುಡ್ಡಿಯ ಹೊಗೆಗೆ ಕಣ್ಣುಜ್ಜುತ್ತ ಕೂರುತ್ತಿದ್ದವರಿಗೆ ಮೊಗ್ಗಿನ ತೊಟ್ಟು ತೊಟ್ಟೂ ಕಾಣುವ ಬೆಳಕು. ಮಾಲೆ ಒತ್ತಾಗಿ ಬಂತು, ಬೆಲೆಯೂ ಬಂತು. ಹಚ್ಚಿಕೊಟ್ಟ ದಿನ ಇದೇ ಮೋಹನ ಇದೇ ಮಾಡಿನ ಕೆಳಗೆ ಚಹಾ ಕುಡಿದು, "ಇನ್ನು ನಿಮ್ಮನೆ ಮಗು ಇದು. ಮಗು ಹಾಂಗೇ ನೋಡ್ಕಳಿ" ಎಂದಿದ್ದ.

ಗಂಗಿ ನೋಡಿಕೊಂಡಳು. ಆ ಸೀಮೆಯಲ್ಲಿ ಮೃಗಶಿರಾ ಮಳೆ ಕೂಡುವ ಮೊದಲು ಮುಚ್ಚುವ ಕೆಲಸ ಶುರುವಾಗುತ್ತದೆ. ಪಡುವಣ ಗೋಡೆಗೆ ತಟ್ಟಿ, ಸೌದೆ ರಾಶಿಗೆ ತಟ್ಟಿ, ತುಳಸಿಕಟ್ಟೆಗೆ ತಟ್ಟಿ. ಚೌಡಿಯ ಕಲ್ಲಿಗೂ ಒಂದು ಪುಟ್ಟ ಮಾಡು. ಮಳೆಗೆ ಮೈಯೊಡ್ಡಿ ಬಿಟ್ಟದ್ದೆಂದರೆ ಬೇಡವಾದದ್ದು. ಆರ್ದ್ರಾ ಮಳೆ ಕಲ್ಲು ಎಸೆದ ಹಾಗೆ ಹೊಡೆಯತೊಡಗಿದಾಗ ಅವಳು ಏಣಿ ಹಾಕಿ, ಐವತ್ತು ದಾಟಿದ ಮೊಣಕಾಲನ್ನು ಬೈದುಕೊಳ್ಳುತ್ತ ಮಾಡು ಹತ್ತಿ, ಗಾಜಿನ ಮೇಲೆ ತಟ್ಟಿ ಕಟ್ಟಿ ಇಳಿದಳು. ಮಳೆ ನಿಂತು ಹೊಳವಾದಾಗ ತೆಗೆದಳು. ಮತ್ತೆ ಜಡಿದಾಗ ಮತ್ತೆ ಕಟ್ಟಿದಳು. ಸಂಘದ ಇಷ್ಟು ಜನರಲ್ಲಿ ಅದು ಹೊಳೆದದ್ದು ತನಗೊಬ್ಬಳಿಗೇ ಎಂದು ಒಳಗೊಳಗೇ ಹಿಗ್ಗಿದ್ದಳು ಕೂಡ.

ದೀಪಗಳು ಮೊದಲು ಕೆಂಪಾದವು, ಆಮೇಲೆ ಮಿಟುಕಿದವು, ಆಮೇಲೆ ನಿಂತೇ ಹೋದವು. ನೋಡಲು ಮಾಡು ಹತ್ತಿದ ಮಾಸ್ತಿಯ ಕೈಗೆ ತಟ್ಟಿ ಸಿಕ್ಕಿತು. ಅವನು ಸಂಘದ ಅಧ್ಯಕ್ಷೆ ಮಂಜಿಯ ಗಂಡ. ಮೇಲಿಂದಲೇ ಕೂಗಿ ಕೇರಿಗೆಲ್ಲ ಹೇಳಿದ. ಮತ್ತೆ ಚಿಮಣಿ ಬುಡ್ಡಿ. ಕಟ್ಟುವುದು ತಡವಾಗಿ ಮೊಗ್ಗು ಕೈಯಲ್ಲೇ ಅರಳಿತು. ಭಟ್ಕಳದ ಹೂವಿನಂಗಡಿಯವನು ಒಂದು ಬುಟ್ಟಿಯನ್ನು ಮುಟ್ಟದೆ ವಾಪಸು ಕಳಿಸಿದ. ಆ ಬುಟ್ಟಿಯನ್ನು ಮಂಜಿ ತಂದು ಗಂಗಿಯ ಜಗಲಿಯಲ್ಲಿ ಸುರಿದು, "ನೀನೇ ಮುಡ್ಕಾ" ಎಂದು ಹೋಗಿದ್ದಳು. ಗಂಗಿ ಗಂಡ ಸತ್ತವಳು.

ಆ ಮಾತನ್ನು ಅವಳು ಇನ್ನೂ ನುಂಗಿರಲಿಲ್ಲ.

ಮೋಹನನ ಜೊತೆ ಬಂದಿದ್ದ ಹುಡುಗಿ ಮೂಲೆಯಲ್ಲಿ ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕುಮಟೆಯ ಕಡೆಯವಳಂತೆ, ಧನ್ಯಾ ಎಂದು ಹೆಸರು, ಡಿಪ್ಲೊಮಾ ಓದಿದವಳು. ಗಾಜಿನ ಪಿಚಕಾರಿಯಲ್ಲಿ ಬ್ಯಾಟರಿಯ ಒಂದೊಂದು ಕುಳಿಯಿಂದ ನೀರು ಎಳೆದು, ಒಳಗೆ ತೇಲುವ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಸುರಿಯುತ್ತಿದ್ದಳು. ಕಡ್ಡಿ ಯಾವ ಕುಳಿಯಲ್ಲೂ ಮೇಲೇಳಲಿಲ್ಲ.

"ಸತ್ತದೆ, ಅಲ್ದಾ?" ಎಂದ ಮೋಹನ.

"ಹೌದು ಸರ್. ಬಹಳ ದಿನ ಖಾಲಿಯಾಗೇ ಕೂತದೆ. ಒಳಗೆ ಬೆಳ್ಳಗಾಗಿದೆ."

"ಕೇಳಿದ್ರಾ?" ಮೋಹನ ಎಲ್ಲರ ಕಡೆ ತಿರುಗಿದ. "ಬಿಸಿಲು ಬೀಳದ ಹಾಗೆ ಮುಚ್ಚಿದ್ರೆ ಬೆಟ್ರಿಗೆ ಊಟ ಎಲ್ಲಿಂದ? ಗ್ಯಾರಂಟಿ ಇದಕ್ಕೆ ಬರೂದಿಲ್ಲ. ನ್ಯಾಯವಾಗಿ ನೋಡಿದ್ರೆ ನಾ ಬರೂದೇ ಬೇಕಿರ್ಲಿಲ್ಲ. ಆದ್ರೂ ಶ್ರಾವಣ ಬಂತು, ನಿಮ್ಮ ಹೊಟ್ಟೆ ಮೇಲೆ ಹೊಡಿಬಾರ್ದು ಅಂತ ಹೊಸ ಬೆಟ್ರಿ ಜೀಪಲ್ಲಿ ಹಾಕ್ಕಂಡೇ ಬಂದೆ. ಒಂದು ಪೈಸೆ ಬೇಡ."

ಮಾಡಿನ ಕೆಳಗೆ ಒಂದು ಗುಜುಗುಜು ಎದ್ದಿತು. ಮಂಜಿಯ ಮುಖ ಅರಳಿತು. "ನೋಡಿ, ದೊಡ್ಡವ್ರು ಅಂದ್ರೆ ಹೀಂಗೆ" ಎಂದ ಮಾಸ್ತಿ.

"ಒಂದೇ ಒಂದು ಕಾಗದ." ಮೋಹನ ಅಂಗಿಯ ಜೇಬಿನಿಂದ ಮಡಚಿದ ಹಾಳೆ ತೆಗೆದ. "ಬ್ಯಾಂಕಿನವ್ರು ಕೇಳ್ತಾರೆ, ಹೊಸದು ಯಾಕೆ ಕೊಟ್ರಿ ಅಂತ. ಸಾಮಾನು ಸಮ ಇತ್ತು, ನಾವು ಪ್ಲೇಟು ಮುಚ್ಚಿದ್ದಕ್ಕೆ ಹಾಳಾಯ್ತು ಅಂತ ಬರೆದದೆ. ಮಂಜಕ್ಕನ ಸಹಿ, ಗಂಗಕ್ಕನ ಹೆಬ್ಬೆಟ್ಟು. ಚಹಾ ಕುಡ್ಯೂದ್ರೊಳಗೆ ದೀಪ ಹೊತ್ತಿಸಿ ಹೋಗ್ತೆ."

ಮಂಜಿ ಆಗಲೇ ಪೆನ್ನಿಗೆ ಕೈ ಚಾಚಿದ್ದಳು. ಗಂಗಿ ಅಲುಗಲಿಲ್ಲ.

"ಒತ್ತೆ ಮಾರಾಯ್ತಿ" ಎಂದ ಮಾಸ್ತಿ. "ನೀ ಕಟ್ಟಿದ್ದು ಹೌದು ಅಂತ ಈಗಷ್ಟೇ ಹೇಳ್ದ್ಯಲೆ. ಅದನ್ನೇ ಹೆಬ್ಬೆಟ್ಟಲ್ಲಿ ಹೇಳೂದು. ಹೂಂ ಅಂದ್ರೆ ಆತು."

ಹೂಂ ಅಂದರೆ ಆಗುತ್ತಿತ್ತು, ನಿಜ. ದೀಪ ಬರುತ್ತಿತ್ತು. ಬಾವಿಕಟ್ಟೆಯ ನಗೆ ಮಾತ್ರ ಬ್ಯಾಂಕಿನ ಕಪಾಟಿನವರೆಗೂ ಹೋಗಿ ಅಲ್ಲಿ ಭದ್ರವಾಗಿ ಕೂರುತ್ತಿತ್ತು. ಗಂಗಿ ಮೋಹನನನ್ನು ಬಿಟ್ಟು ಮೂಲೆಯ ಹುಡುಗಿಯನ್ನು ನೋಡಿದಳು. ಸಾಮಾನು ಸಮ ಇತ್ತು ಎಂಬ ಮಾತು ಬಂದಾಗ ಆ ಹುಡುಗಿಯ ಕೈಯಲ್ಲಿದ್ದ ಪಿಚಕಾರಿ ಒಂದು ಕ್ಷಣ ನಿಂತಿದ್ದನ್ನು ಅವಳು ಕಂಡಿದ್ದಳು.

"ತಂಗೀ, ಒಂದು ಮಾತು ಹೇಳು. ಹೊಸ ಬೆಟ್ರಿ ಹಾಕಿ, ನಾ ಯಾವ ತಟ್ಟಿನೂ ಕಟ್ಟದಿದ್ರೆ, ಮಳೆಗಾಲ ಪೂರಾ ನಾಕೂ ದೀಪ ಉರೀತದಾ?"

"ಉರೀತದೆ, ಉರೀತದೆ" ಎಂದ ಮೋಹನ.

"ನಿಮ್ಮನ್ನ ಕೇಳ್ಲಿಲ್ಲ ಸಾಯೇಬ್ರೆ. ನಿಮ್ಮ ಮಾತು ದೀಪಾವಳೀಲೇ ಕೇಳಿಯಾಯ್ತು."

"ಧನ್ಯಾ, ಜೀಪಲ್ಲಿ ಸ್ಪ್ಯಾನರ್ ಅದೆ, ತಕ್ಕಂಡು ಬಾ."

ಹುಡುಗಿ ಎದ್ದು ನಿಂತಳು. ಕೈಯನ್ನು ಚೂಡಿದಾರದ ಅಂಚಿಗೆ ಒರಸಿಕೊಂಡಳು. ಬ್ಯಾಟರಿಯ ನೀರು ತಾಗಿದಲ್ಲಿ ಬಟ್ಟೆಯ ಬಣ್ಣ ಹೋಗಿ ಮೊದಲೇ ಚುಕ್ಕೆ ಚುಕ್ಕೆಯಾಗಿತ್ತು. ಜೀಪಿನ ಕಡೆ ಎರಡು ಹೆಜ್ಜೆ ಹೋದವಳು ತಿರುಗಿದಳು.

"ಉರಿಯೂದಿಲ್ಲ" ಎಂದಳು.

ಮೋಹನ ಬಾಯಿ ತೆರೆದ. ಅವಳು ಅವನ ಕಡೆ ನೋಡದೆ, ಪಾಠ ಒಪ್ಪಿಸುವವರ ಹಾಗೆ ಒಂದೇ ಉಸಿರಿಗೆ ಹೇಳತೊಡಗಿದಳು. "ನಾಕು ದೀಪ, ಬೆಳಿಗ್ಗೆ ಕಟ್ಟುವಾಗ ಎರಡೂವರೆ ತಾಸು, ಸಂಜೆ ನಾರು ಸೀಳುವಾಗ ಒಂದೂವರೆ. ಬೆಟ್ರಿಯಿಂದ ದಿನಕ್ಕೆ ಹದಿನಾಕು ಪಾಲು ಹೊರಗೆ ಹೋಗ್ತದೆ ಅಂತ ಇಟ್ಕಳಿ. ಬೇಸಿಗೇಲಿ ಒಳ್ಳೆ ಬಿಸಿಲು ಐದು ತಾಸು ಸಿಗ್ತದೆ. ಈ ಪ್ಲೇಟು ಇಪ್ಪತ್ತರ ಮೇಲೆ ಕೊಡ್ತದೆ. ಹಾಗಾಗಿ ಅಷ್ಟು ದಿನ ಬೆಟ್ರಿ ತುಂಬಿಕೊಂಡೇ ಇತ್ತು. ಆಷಾಢದಲ್ಲಿ ಅಂಥ ಬಿಸಿಲು ಎರಡು ತಾಸು ಸಿಕ್ಕಿದ್ರೆ ಪುಣ್ಯ. ಎಂಟೊಂಬತ್ತು ಪಾಲು ಬರೂದು, ಹದಿನಾಕು ಹೋಗೂದು. ಒಂದು ವಾರಕ್ಕೆ ಖಾಲಿ. ಖಾಲಿ ಕೂತ ಬೆಟ್ರಿ ಸಾಯ್ತದೆ. ನೀವು ಮುಚ್ಚಿದ್ದು ಕಪ್ಪು ಮೋಡದ ಹೊತ್ತಲ್ಲಿ; ಆಗ ಬರ್ತಿದ್ದುದೇ ಒಂದು ಹಿಡಿ. ಮುಚ್ಚಬಾರ್ದಾಗಿತ್ತು. ಆದ್ರೆ ಮುಚ್ಚದಿದ್ರೂ ಇದೇ ಆಗ್ತಿತ್ತು. ನಾಕು ದಿನ ತಡ ಆಗ್ತಿತ್ತು, ಅಷ್ಟೆ. ಇಲ್ಲಿ ಎರಡು ಪ್ಲೇಟು, ಎರಡು ಬೆಟ್ರಿ ಬೇಕು."



ಮೋಹನ ಈ ಬಾರಿ ನಗಲಿಲ್ಲ. "ಲೆಕ್ಕ ನಂಗೂ ಬರ್ತದೆ ಮಾರಾಯ್ತಿ" ಎಂದ, ಹುಡುಗಿಗೆ. ದನಿ ಏರಿರಲಿಲ್ಲ. "ಎರಡು ಪ್ಲೇಟು ಅಂದಿದ್ರೆ ಇವ್ರಿಗೆ ಸಾಲ ಆಗ್ತಿತ್ತಾ? ಬ್ಯಾಂಕಿನ ಸ್ಕೀಮಲ್ಲಿ ಇರೂದು ಒಂದು ಪ್ಲೇಟು, ಒಂದು ಬೆಟ್ರಿ. ಮೂರು ತಾಲೂಕಿಗೂ ಅದೇ ಅಳತೆ. ಒಂದು ಕೊಟ್ಟೆ, ಏಳೆಂಟು ತಿಂಗಳು ಬೆಳಕು ಕಂಡ್ರು. ಎರಡು ಬೇಕು ಅಂತ ಕೂತಿದ್ರೆ ಇವತ್ತಿಗೂ ಬುಡ್ಡಿಯೇ. ನಾ ಮಾಡಿದ್ದು ತಪ್ಪಾ? ಹೇಳ್ರಿ ಯಾರಾದ್ರೂ."

ಮಾತು ಒಪ್ಪುವ ಹಾಗೆಯೇ ಇತ್ತು. ಮಾಸ್ತಿ ತಲೆ ಆಡಿಸುತ್ತಲೂ ಇದ್ದ. ಆಗ ಗಂಗಿಗೆ ಹದಿನೈದು ದಿನದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು.

"ಒಂದು ಕೊಟ್ಟಿದ್ದು ತಪ್ಪಲ್ಲ" ಎಂದಳು. ಮಾತು ಮಾತಿಗೂ ದನಿ ಏರಿತು. "ಒಂದು ಕೊಟ್ಟು ಸುಮ್ನೆ ಹೋಗಿದ್ದು ತಪ್ಪು. ಮಳೆಗಾಲಕ್ಕೆ ಸಾಲೂದಿಲ್ಲ, ಎರಡು ದೀಪ ಆರ್ಸಿ, ಸಂಜೆ ಹಚ್ಚಬೇಡಿ ಅಂತ ಅವತ್ತೇ ಒಂದು ಮಾತು ಹೇಳೂಕೆ ಎಂತಾಗಿತ್ತು ನಿಮಗೆ? ಚಹಾ ಕುಡ್ಯೂಕೆ ಬಾಯಿತ್ತಲೆ! ನಮಗೆ ಬುಡ್ಡಿ ಹಚ್ಚೂದು ಮರ್ತೋಗಿತ್ತಾ? ಮಳೆಗಾಲಕ್ಕೆ ಅಕ್ಕಿ ಕಡಿಮೆ ಬೀಳ್ತದೆ ಅಂದ್ರೆ ಗಂಜಿ ತೆಳು ಮಾಡೂದು ನಮಗೆ ನೀವು ಕಲಿಸ್ಬೇಕಾ? ಗೊತ್ತಿದ್ರೆ ಹಾಂಗೇ ಸುಧಾರಿಸ್ತಿದ್ವು. ಮಗು ಮಗು ಅಂದ್ರಿ. ಹೊಟ್ಟೆಗಿಲ್ಲದ ಮಗುನ ಮಡ್ಲಿಗೆ ಹಾಕಿ ಹೋಗಿ, ಸತ್ತ ಮೇಲೆ ಕಂಬಳಿ ಹೊದಿಸಿದವಳ ಮೇಲೆ ಹಾಕೂದಾ?"

"ಗಂಗಕ್ಕ, ಬಾಯಿ ಬಿಗಿ ಹಿಡಿ" ಎಂದ ಮಾಸ್ತಿ.

"ನೀ ಸುಮ್ನಿರು. ಮಾಡಿನ ಮೇಲೆ ನಿಂತು ಕೂಗಿದ ಗಂಟಲು ಇನ್ನೂ ನೋಯೂದಿಲ್ವಾ ನಿಂಗೆ?"

ಮಂಜಿ ಪೆನ್ನನ್ನು ಹಿಡಿದೇ ಇದ್ದಳು. ಅವಳ ಸಿಟ್ಟಿಗೆ ಈಗ ಬೇರೆ ದಾರಿ ಬೇಕಾಗಿತ್ತು. ಅದು ಧನ್ಯಾಳ ಕಡೆ ಹರಿಯಿತು. "ನಿಂಗೆ ಇದೆಲ್ಲ ಗೊತ್ತಿತ್ತು. ಬಂದು ಒಂದು ತಾಸಾಯ್ತು. ಇಷ್ಟೊತ್ತು ಬಾಯಲ್ಲಿ ಎಂತ ಇಟ್ಕಂಡಿದ್ದೆ?"

ಹುಡುಗಿ ಪಿಚಕಾರಿಯನ್ನು ತನ್ನ ಹೆಗಲ ಚೀಲಕ್ಕೆ ತುರುಕಿದಳು. ಕಿವಿ ಕೆಂಪಾಗಿತ್ತು. ಇವಳನ್ನು ಸಮಾಧಾನ ಮಾಡಬೇಕೆಂದು ಗಂಗಿಗೂ ಅನಿಸಲಿಲ್ಲ. ಕೇಳಿದ ಮೇಲೆ ಹೇಳಿದವಳು. ಕೇಳದಿದ್ದರೆ ಸ್ಪ್ಯಾನರ್ ತರಲು ಹೋಗುತ್ತಿದ್ದವಳು.

ಮೋಹನ ಗಡಿಯಾರ ನೋಡಿಕೊಂಡ. "ನಂಗೆ ಇನ್ನೂ ಎರಡು ಊರದೆ. ಕಡೇ ಮಾತು ಹೇಳಿಬಿಡಿ. ಸಹಿ, ಹೆಬ್ಬೆಟ್ಟು ಬಿದ್ರೆ ಬೆಟ್ರಿ ಇಳಿಸ್ತೆ. ಇಲ್ಲಾಂದ್ರೆ ಇಲ್ಲ."

"ಬೆಟ್ರಿ ಬಿಟ್ಟು ಕಾಗದ ಒಯ್ಯಿ" ಎಂದಳು ಮಂಜಿ.

"ಎರಡೂ ಒಟ್ಟಿಗೆ ಮಂಜಕ್ಕ."

ಗಂಗಿ ಮುಂದೆ ಬಂದಳು. ಕಾಗದಕ್ಕೆ ಕೈ ಚಾಚಲಿಲ್ಲ; ಓದಲು ಬಾರದ ಕಾಗದವನ್ನು ಹಿಡಿದು ನೋಡುವ ನಾಟಕ ಅವಳಿಗೆ ಬೇಕಿರಲಿಲ್ಲ. "ಬರೀರಿ. ಗಂಗಿ ಪ್ಲೇಟು ಮುಚ್ಚಿದ್ಳು, ಅದು ತಪ್ಪು ಅಂತ ಬರೀರಿ. ಅದರ ಕೆಳಗೇ, ಈ ಪ್ಲೇಟು ಈ ಬೆಟ್ರಿ ಮಳೆಗಾಲಕ್ಕೆ ಸಾಲೂದಿಲ್ಲ ಅಂತಲೂ ಬರೀರಿ. ಎರಡಕ್ಕೂ ಸೇರಿ ಹೆಬ್ಬೆಟ್ಟು ಒತ್ತುತೆ. ಒಂದಲ್ಲ, ಹತ್ತೂ ಬೆರಳು ಒತ್ತುತೆ."

"ಅದನ್ನ ಬರದ್ರೆ ಮೂರು ತಾಲೂಕಿನ ಕೆಲಸ ನಿಲ್ತದೆ" ಎಂದ ಮೋಹನ. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಇದ್ದದ್ದನ್ನೇ ಹೇಳುವವನ ಹಾಗೆ ಹೇಳಿದ.

"ನಿಲ್ಲಲಿ" ಎಂದಳು ಗಂಗಿ.

ಎಲ್ಲರೂ ಮಂಜಿಯನ್ನು ನೋಡಿದರು. ಮಂಜಿ ಗಂಗಿಯನ್ನು ನೋಡಲಿಲ್ಲ. ಮಾಡಿನ ಮೂಲೆಯಲ್ಲಿ ತೊಳೆದು ಕವುಚಿಟ್ಟ ಹೂವಿನ ಬುಟ್ಟಿಗಳನ್ನು ನೋಡಿದಳು. ಸತ್ತ ಬ್ಯಾಟರಿಯನ್ನು ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಅದನ್ನು ಮೋಹನನ ಅಂಗೈಯಲ್ಲಿಟ್ಟಳು.

"ಹೋಗಿ ಬನ್ನಿ" ಎಂದಳು.

"ಚೆಂದ ಆತು" ಎಂದು ಹಿಂದಿನಿಂದ ಯಾರೋ ಹೇಳಿದರು. "ಹಟ ಗೆದ್ದು ಕತ್ತಲೆ ತಕ್ಕಂಡ್ರು." ಈ ಸಲ ಗಂಗಿ ತಿರುಗಿ ನೋಡಿದಳು. ಹೇಳಿದವಳು ಕಣ್ಣು ತಪ್ಪಿಸಲಿಲ್ಲ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಮನೆ ಖರ್ಚಿಗೆ ಹೂವಿನ ದುಡ್ಡೊಂದೇ ದಾರಿ.

ಜೀಪು ಅಂಗಳ ದಾಟಿತು, ಗದ್ದೆಯ ಏರಿ ದಾಟಿತು, ಹಳ್ಳದ ಈಚೆಯ ತಗ್ಗಿನಲ್ಲಿ ಹಿಂದಿನ ಗಾಲಿ ಕೆಸರಿಗೆ ಕೂತಿತು. ಮೋಹನ ಇಂಜಿನನ್ನು ಒರಲಿಸಿದಷ್ಟೂ ಗಾಲಿ ಕೆಳಗಿಳಿಯಿತು. ಧನ್ಯಾ ಇಳಿದು ಹಿಂದಿನಿಂದ ನೂಕಿದಳು. ಮಾಸ್ತಿ ಓಡಿದ. ಇಬ್ಬರಿಂದ ಅದು ಅಲುಗಲಿಲ್ಲ. ಮೋಹನ ಹಾರ್ನ್ ಹೊಡೆದ. ಒಮ್ಮೆ ಸಣ್ಣಗೆ, ಮತ್ತೊಮ್ಮೆ ಉದ್ದಕ್ಕೆ.

ಮಾಡಿನ ಕೆಳಗೆ ಹೆಂಗಸರು ನೋಡುತ್ತ ನಿಂತರು. "ಬಿಸಿಲು ಬಂದ ಮೇಲೆ ಒಣಗಿ ತಂತಾನೇ ಏಳ್ತದೆ, ಐದು ತಾಸು ಸಾಕು" ಎಂದಳು ಒಬ್ಬಳು. ಈ ಸಲದ ನಗೆ ಗಂಗಿಯ ಬೆನ್ನಿಗೆ ಬೀಳಲಿಲ್ಲ.

ಆದರೆ ಗಂಗಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸುತ್ತಿದ್ದಳು.

"ಎಲ್ಲಿಗೆ?" ಎಂದಳು ಮಂಜಿ.

"ಅದು ಅಲ್ಲೇ ಹೂತ್ಕಂಡ್ರೆ ನಾಳೆ ಬುಟ್ಟಿ ಹ್ಯಾಂಗೆ ದಾಟ್ಸೂದು? ದಾರಿ ಅವನದ್ದಾ?"

ಮಳೆ ಮತ್ತೆ ಹನಿಯತೊಡಗಿತ್ತು. ಒಬ್ಬೊಬ್ಬರಾಗಿ ಬಂದರು. ಗಂಗಿ ಹಿಂದಿನ ಬಾಗಿಲಿಗೆ ಹೆಗಲು ಕೊಟ್ಟಳು. ತಾಡಪಾಲಿನ ಸೀಳಿನಲ್ಲಿ, ಅವಳ ಮುಖದಿಂದ ಒಂದು ಗೇಣು ಆಚೆಗೆ, ಹೊಸ ಬ್ಯಾಟರಿ ತನ್ನ ರಟ್ಟಿನ ಪೆಟ್ಟಿಗೆಯಲ್ಲಿ ಕೂತಿತ್ತು. ಪಕ್ಕದಲ್ಲಿ ಮಂಜಿಯ ಹೆಗಲು, ಅದರಾಚೆ ಧನ್ಯಾಳದು. ಮಾಸ್ತಿ ದೋಣಿ ಎಳೆಯುವವರ ಹಾಗೆ ಕೂಗು ಹಾಕಿದ, ಎಲ್ಲರೂ ಒಮ್ಮೆಗೇ ನೂಕಿದರು. ಗಾಲಿ ಸುತ್ತಿ ಕೆಸರು ಎದೆಗೆ, ಮುಖಕ್ಕೆ, ಬಾಯಿಗೆ ರಾಚಿತು. ಗಂಗಿ ಹಲ್ಲು ಕಚ್ಚಿ ನೂಕಿದಳು. ಆ ಬಾಗಿಲ ತಗಡು ನುಗ್ಗಾಗಿ ಒಳಗೆ ಹೋಗಲಿ ಎಂಬ ಹಾಗೆ ನೂಕಿದಳು. ಜೀಪು ಒಮ್ಮೆ ನರಳಿ, ಕೈ ಬಿಡಿಸಿಕೊಂಡ ಹಾಗೆ ಮುಂದಕ್ಕೆ ಹಾರಿತು. ಮಂಜಿ ಮುಗ್ಗರಿಸಿ ಮೊಣಕಾಲೂರಿದಳು.

"ಸರ್!" ಎಂದು ಕೂಗಿದಳು ಧನ್ಯಾ.

ಜೀಪು ನಿಲ್ಲಲಿಲ್ಲ. "ಕೆಸರಲ್ಲಿ ನಿಲ್ಸಿದ್ರೆ ಮತ್ತೆ ಹೂತ್ಕಳ್ತದೆ" ಎಂದಳು ಹುಡುಗಿ, ಯಾರೂ ಕೇಳದಿದ್ದರೂ. "ಆಚೆ ಗಟ್ಟಿ ನೆಲದಲ್ಲಿ ನಿಲ್ಲಿಸ್ತಾರೆ."

ಮೋಡ ಇಳಿದು ಮಧ್ಯಾಹ್ನವೇ ಮಬ್ಬಾಗಿತ್ತು. ಜೀಪು ದೀಪ ಹಾಕಿಕೊಂಡು ಹಳ್ಳ ದಾಟಿ, ಆಚೆಯ ಜಂಬಿಟ್ಟಿಗೆ ನೆಲಕ್ಕೆ ಏರಿತು. ಅಲ್ಲಿ, ಬ್ರೇಕ್ ಒತ್ತಿದ ಹಾಗೆ, ಹಿಂದಿನ ಎರಡು ಕೆಂಪು ದೀಪ ಒಮ್ಮೆ ಜೋರಾಗಿ ಬೆಳಗಿದವು. ಧನ್ಯಾ ಚೀಲವನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಮುಂದೆ ಹೋದಳು. ದೀಪ ಮತ್ತೆ ಮಂಕಾದವು, ಅವಳನ್ನು ಬಿಟ್ಟು ಶಿರಾಲಿಯ ತಿರುವಿನ ಕಡೆ ಸಣ್ಣದಾಗುತ್ತ ಹೋದವು.

ಹೆಂಗಸರು ಹಳ್ಳಕ್ಕಿಳಿದು ಕೈಕಾಲು ತೊಳೆಯತೊಡಗಿದರು. ಗಂಗಿ ಬಾಯಿಯ ಕೆಸರನ್ನು ಉಗುಳಿ, ಸ್ವಲ್ಪ ಸರಿದು, ಕಲ್ಲಿನ ಮೇಲೆ ಆ ಹುಡುಗಿಗೂ ಜಾಗ ಮಾಡಿದಳು.